ಬಾವನ ಎದುರಿಗೆ ಹೊಸ ಮಂಡಿ

ಮಂಡಿ ಸವೆದಿದ್ದ ಕಾಲದಲ್ಲಿ ನಮ್ಮತ್ತೆ ನರಳಿಕೊಂಡಾದರೂ ಕೂರುತ್ತಿದ್ದರು. ಹೊಸ ಮಂಡಿ ಹಾಕಿಸಿಕೊಂಡು ಬಂದ ಮೇಲೆ ನಿಂತೇ ಇರತೊಡಗಿದರು. ಇಷ್ಟು ಸಾಧಿಸುವುದಕ್ಕೆ ನಾವು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದು ಬಂದೆವು.

ತೊಂಬತ್ತರ ದಶಕದ ಮಾತು. ಆಗ ನಮ್ಮ ಕಡೆ ಹಲ್ಲು ಕಟ್ಟಿಸಿಕೊಂಡವರಿದ್ದರು, ಕಣ್ಣಿನ ಪೊರೆ ತೆಗೆಸಿಕೊಂಡವರಿದ್ದರು. ಮಂಡಿ ಬದಲಾಯಿಸಿಕೊಂಡವರನ್ನು ಯಾರೂ ಕಂಡಿರಲಿಲ್ಲ. ನನ್ನ ಗಂಡ ಕೆಜಿಎಫ್‌ನಲ್ಲಿ ಒಂದು ಕಾರ್ಖಾನೆಯಲ್ಲಿದ್ದರು. ಕಾರ್ಖಾನೆಯವರು ನೌಕರರ ತಂದೆತಾಯಿಗೂ ಚಿಕಿತ್ಸೆ ಕೊಡಿಸುತ್ತಿದ್ದರಿಂದ ಅತ್ತೆಯ ಬಲಮಂಡಿಗೆ ಬೆಂಗಳೂರು ನೋಡುವ ಯೋಗ ಬಂತು. ಎಡಮಂಡಿಯೂ ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ಅದು ಹೇಳಿದ ಮಾತು ಕೇಳುತ್ತಿತ್ತು.

ನಮ್ಮ ಮನೆ ಬಂಗಾರಪೇಟೆಯಲ್ಲಿ, ರೈಲ್ವೆ ಗೇಟ್ ದಾಟಿದ ಮೇಲಿನ ಒಂದು ಬೀದಿಯಲ್ಲಿ. ಮುಂದೆ ನಡುಮನೆ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಒಂದು ಕೋಣೆ, ಹಿತ್ತಲಲ್ಲಿ ಒಂದು ಹಸು. ನಡುಮನೆಯ ಮಧ್ಯೆ ಒಂದು ಕಲ್ಲುಕಂಬ, ಕಂಬದ ಪಕ್ಕ ಕೈಗಳಿರುವ ಒಂದು ಮರದ ಕುರ್ಚಿ. ಆ ಕುರ್ಚಿ ದೊಡ್ಡಮಾವನದು. ಅವರು ಇಲ್ಲದಿದ್ದಾಗಲೂ ಅದು ಅವರದೇ. ಅದರ ಮೇಲೆ ಒಗೆದ ಬಟ್ಟೆ ಇಟ್ಟಿದ್ದಕ್ಕೆ ನಾನು ಮದುವೆಯಾಗಿ ಬಂದ ಮೊದಲ ವಾರದಲ್ಲೇ ಬೈಸಿಕೊಂಡಿದ್ದೆ.

ದೊಡ್ಡಮಾವ ಅಂದರೆ ನನ್ನ ಮಾವನ ಅಣ್ಣ, ಅತ್ತೆಗೆ ಬಾವ. ಕೆಜಿಎಫ್‌ನ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿದು ಕೆಲಸ ಮಾಡಿ ನಿವೃತ್ತರಾದವರು. ಅವರ ಮನೆ ಅದೇ ಬೀದಿಯ ಕೊನೆಯಲ್ಲಿ. ನನ್ನ ಮಾವನನ್ನು ನಾನು ನೋಡಿಲ್ಲ. ನನ್ನ ಗಂಡ ಐದು ವರ್ಷದವರಿದ್ದಾಗ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟರಂತೆ. ತಿಥಿ ಮುಗಿದ ಮಾರನೆಯ ದಿನದಿಂದ ದೊಡ್ಡಮಾವ ಬೆಳಿಗ್ಗೆ ಆರೂವರೆಗೆ ಒಂದು ಸಲ, ಸಂಜೆ ಐದೂವರೆಗೆ ಒಂದು ಸಲ ಬಂದು ಆ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯಲು ಶುರು ಮಾಡಿದರು. ಈ ಮನೆಗೂ ಕೇಳುವವರೊಬ್ಬರು ಇದ್ದಾರೆ ಅಂತ ಬೀದಿಗೆ ಗೊತ್ತಿರಲಿ ಎಂದು. ಕೆಲಸದಲ್ಲಿದ್ದಾಗ ಶಿಫ್ಟು ಬದಲಾದಂತೆ ಹೊತ್ತು ಬದಲಾಗುತ್ತಿತ್ತು, ಬರುವುದು ಮಾತ್ರ ತಪ್ಪುತ್ತಿರಲಿಲ್ಲ. ಹೀಗೆ ಇಪ್ಪತ್ತಾರು ವರ್ಷ ನಡೆದಿತ್ತು.

ಅತ್ತೆ ಬಾವನ ಮುಂದೆ ಕೂರುತ್ತಿರಲಿಲ್ಲ. ಮಾತಾಡುತ್ತಿರಲಿಲ್ಲ. ಸೆರಗು ಹೊದ್ದು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದರು. ದೊಡ್ಡಮಾವನೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ನೋಡದಿರುವುದೇ ಅವರು ತಮ್ಮನ ಹೆಂಡತಿಗೆ ಕೊಡುತ್ತಿದ್ದ ಮರ್ಯಾದೆ. ಆದರೂ ಮನೆ ಅಂದಮೇಲೆ ಮಾತು ಬೇಕಲ್ಲ. ಅದಕ್ಕೆ ಕಂಬವಿತ್ತು. “ಅಸು ಮೇವು ತಿಂತಾ ಐತಂತಾ?” ಎಂದು ಅವರು ಕಂಬವನ್ನು ಕೇಳುವುದು, “ತಿಂತಾ ಐತೆ” ಎಂದು ಅತ್ತೆ ಬಾಗಿಲಿಗೆ ಹೇಳುವುದು. ನನ್ನ ಗಂಡನ ಓದು, ನೌಕರಿ, ಹೆಣ್ಣು ನೋಡಿದ್ದು, ನನ್ನನ್ನು ಒಪ್ಪಿದ್ದು ಎಲ್ಲ ಆ ಕಂಬದ ಮೂಲಕವೇ ಇತ್ಯರ್ಥವಾಗಿತ್ತು. ನಾನು ಸೊಸೆಯಾಗಿ ಬಂದ ಮೇಲೆ ಕಂಬದ ಕೆಲಸ ನನಗೆ ಸಿಕ್ಕಿತು. ಬಿ.ಎಡ್ ಮಾಡಿದ್ದು ಉಪಯೋಗಕ್ಕೆ ಬಂತು.

ಸೊಸೆಯರಿಗೆ ದೊಡ್ಡಮಾವನ ಎದುರಿಗೆ ಕೂರಬಾರದು ಅಂತೇನೂ ಇರಲಿಲ್ಲ, ನೆಲದ ಮೇಲೆ ಕೂತರೆ ಸಾಕಿತ್ತು. ಶಾಲೆಯಲ್ಲಿ ನನಗೆ ಕುರ್ಚಿಯೂ ಇತ್ತು, ಮೇಜೂ ಇತ್ತು. ಮನೆಯಲ್ಲಿ ಚಾಪೆ.

ಮಂಡಿ ಆಪರೇಷನ್ ಎಂದು ನಿಶ್ಚಯವಾದಾಗ ನಾನು ರಜೆ ಕೇಳಬೇಕಾಯಿತು. ನನ್ನ ಶಾಲೆ ಇದ್ದದ್ದು ಮೈಸೂರು ಮೈನ್ಸಿನ ಕಾಲೊನಿಯಲ್ಲಿ. ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿ ಗಣಿತ ಹೇಳಿಕೊಟ್ಟು ಬರುತ್ತಿದ್ದೆ. ‘ನಮ್ಮ ಅತ್ತೆಯವರ ಮಂಡಿ ಬದಲಾಯಿಸುವ ಶಸ್ತ್ರಚಿಕಿತ್ಸೆ ಇರುವುದರಿಂದ’ ಎಂದು ಅರ್ಜಿ ಬರೆದೆ. ಹೆಡ್‌ಮೇಡಂ ಅದನ್ನು ಜೋರಾಗಿ ಓದಿದರು. ಆಗ ಅಲ್ಲೇ ಗುಡಿಸುತ್ತಿದ್ದ ಶಾಲೆಯ ಆಯಾ ಪೊರಕೆ ಕೆಳಗಿಟ್ಟಳು. ಅವಳದು ತಮಿಳು. ತಮಿಳಿನಲ್ಲಿ ಮಂಡೈ ಅಂದರೆ ತಲೆ.

“ಮಂಡೈಯೇ ಮಾತ್ತುವಾಂಗಳಾ ಟೀಚರ್?” ಎಂದಳು. ತಲೆಯನ್ನೇ ಬದಲಾಯಿಸುತ್ತಾರಾ ಎಂದು.

ನನಗೆ ರೈಲಿಗೆ ಹೊತ್ತಾಗಿತ್ತು. “ಹೂಂ, ಬೆಂಗಳೂರಲ್ಲಿ ಮಾಡ್ತಾರೆ” ಎಂದು ಬಂದುಬಿಟ್ಟೆ. ನಾನು ಮನೆ ಮುಟ್ಟುವ ಹೊತ್ತಿಗೆ ಸುದ್ದಿಯೂ ಮುಟ್ಟಿತ್ತು. ಆ ವಾರವಿಡೀ ಜನ ಬಂದರು. ಎಲ್ಲರೂ ಅತ್ತೆಯ ಹತ್ತಿರ ನಿಧಾನವಾಗಿ, ಜೋರಾಗಿ, ಒಂದೊಂದೇ ಮಾತು ಬಿಡಿಸಿ ಮಾತಾಡಿದರು. ಗೇಟಿನ ಪಕ್ಕದ ಮನೆಯಾಕೆ ಆರು ನಿಂಬೆಹಣ್ಣು ತಂದು, ನೆತ್ತಿಗೆ ತಿಕ್ಕಿದರೆ ಆಪರೇಷನ್ನೇ ಬೇಕಾಗುವುದಿಲ್ಲ ಎಂದಳು. ಆಮೇಲೆ ನನ್ನ ಕಡೆ ಕೈ ತೋರಿಸಿ ಅತ್ತೆಯನ್ನು ಕೇಳಿದಳು: “ಇವ್ರು ಯಾರು, ಗೊತ್ತಾಯ್ತದಾ?”

“ಗೊತ್ತಾಗ್ದೇ ಏನು? ನಮ್ಮನೆ ಸನಿ” ಎಂದರು ಅತ್ತೆ. ಆಕೆ ನನ್ನನ್ನು ನೋಡಿ ತಲೆಯಾಡಿಸಿದಳು, ಪರವಾಗಿಲ್ಲ, ಇನ್ನೂ ನೆನಪಿದೆ ಎನ್ನುವ ಹಾಗೆ. ನಿಂಬೆಹಣ್ಣಿನಲ್ಲಿ ಪಾನಕ ಮಾಡಿ ಅವಳಿಗೇ ಕೊಟ್ಟೆವು.

ಹಸುವನ್ನು ದೊಡ್ಡಮಾವನ ಮನೆಗೆ ಹೊಡೆದುಕೊಂಡು ಹೋಗಿ ಕಟ್ಟಿ, ಅತ್ತೆಯನ್ನು ರೈಲು ಹತ್ತಿಸಿದೆವು.

ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಮಾತು ಕಡಿಮೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಇಲ್ಲಿ ಏನೂ ಉಳಿದಿಲ್ಲ, ಮೂಳೆ ಮೂಳೆಗೆ ತಿಕ್ತಾ ಇದೆ” ಎಂದರು. ಮೂಳೆಯ ತುದಿ ಕೆತ್ತಿ ಲೋಹದ ಟೋಪಿ ಹಾಕಿ ನಡುವೆ ಪ್ಲಾಸ್ಟಿಕ್ ಇಡುತ್ತೇವೆ ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿ, “ತುಕ್ಕು ಇಡಿಯಾಕಿಲ್ವಾ ಸ್ವಾಮಿ?” ಎಂದರು. ಹಿಡಿಯುವುದಿಲ್ಲ ಎಂದರು ಡಾಕ್ಟರು. ಹಸು ಕರೆಯಬಹುದೇ ಎಂದು ಅತ್ತೆ ಕೇಳಿದರು. ಸ್ಟೂಲ್ ಹಾಕಿಕೊಂಡು ಕರೆಯಬಹುದು, ಕುಕ್ಕರಗಾಲಲ್ಲಿ ಕೂರುವಂತಿಲ್ಲ, ನೆಲದ ಮೇಲೆ ಕೂರುವಂತಿಲ್ಲ, ಇನ್ನು ಜೀವನಪೂರ್ತಿ ಕುರ್ಚಿಯೇ ಎಂದರು. ಅತ್ತೆ ಆಗಲೇ ಡಾಕ್ಟರ ಎದುರಿನ ಕುರ್ಚಿಯ ಮೇಲೆ ಆರಾಮವಾಗಿ ಕೂತಿದ್ದರು. ಡಾಕ್ಟರೇನು ಬಾವನೇ?

ಆಪರೇಷನ್ ಆಯಿತು. ಮೂರನೆಯ ದಿನ ದೊಡ್ಡಮಾವ ರೈಲಿನಲ್ಲಿ ಬಂದರು. ವಾರ್ಡಿನ ಬಾಗಿಲಲ್ಲಿ ಅವರ ಕೊಡೆ ಕಾಣಿಸಿತೋ ಇಲ್ಲವೋ, ಅತ್ತೆ ಕೈಗೆ ಚುಚ್ಚಿದ ಡ್ರಿಪ್ಪಿನ ಸಮೇತ ಏಳಲು ಹೋದರು. ಏಳುವುದಕ್ಕೆ ಕಾಲಿರಲಿಲ್ಲ, ಅದು ಬ್ಯಾಂಡೇಜಿನೊಳಗಿತ್ತು. ನರ್ಸು ಓಡಿ ಬಂದು ಭುಜ ಒತ್ತಿ ಹಿಡಿದು ಪರದೆ ಎಳೆದಳು. ದೊಡ್ಡಮಾವ ಪರದೆಯ ಆಚೆ ನಿಂತು, “ಎಂಗವ್ಳಮ್ಮ?” ಎಂದು ನನ್ನನ್ನು ಕೇಳಿದರು. ಡ್ರೆಸ್ಸಿಂಗ್ ಮಾಡುತ್ತಿದ್ದಾರೆ, ಚೆನ್ನಾಗಿದ್ದಾರೆ ಎಂದೆ. ತಂದಿದ್ದ ಮೂಸಂಬಿ ಕೊಟ್ಟು ಮುಂದಿನ ರೈಲಿಗೆ ಹೊರಟುಹೋದರು.

ಆಮೇಲೆ ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿ ಬರತೊಡಗಿದಳು. ಕೇರಳದವಳು. ಅವಳಿಗೆ ಕನ್ನಡ ಬರುತ್ತಿದ್ದದ್ದು ಮಡಚಿ, ಚಾಚಿ, ಅಳಬೇಡಿ ಎಂಬ ಮೂರು ಮಾತು. ಅವಳ ಕೆಲಸಕ್ಕೆ ಅಷ್ಟು ಸಾಕು. ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ಕಾಲು ಇಳಿಬಿಟ್ಟು, ಪಾದವನ್ನು ಮೆಲ್ಲಗೆ ಕುರ್ಚಿಯ ಅಡಿಗೆ ಒತ್ತುವುದು. ಹೊಸ ಮಂಡಿ ತನಗೆ ತಾನೇ ಮಡಚಿಕೊಳ್ಳುವುದಿಲ್ಲ, ದಿನಾ ಎರಡು ಹೊತ್ತು ಒತ್ತಿ ಕಲಿಸಬೇಕು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ. “ಈಗ ಅರವತ್ತು ಡಿಗ್ರಿ ಮಡಚುತ್ತೆ. ಐದು ವಾರದಲ್ಲಿ ತೊಂಬತ್ತು ಬರಬೇಕು. ಬರದಿದ್ದರೆ ಮತ್ತೆ ಮಲಗಿಸಿ, ಜ್ಞಾನ ತಪ್ಪಿಸಿ, ನಾವೇ ಮಡಚಬೇಕಾಗುತ್ತೆ. ಅದೂ ಆಗದಿದ್ದರೆ ಕಾಲು ಕೋಲಿನ ಹಾಗೆ ನಿಂತುಬಿಡುತ್ತೆ. ಜಾಸ್ತಿ ನಿಲ್ಲಿಸಬೇಡಿ, ಊದುತ್ತೆ. ಊದಿದರೆ ಮಡಚಲ್ಲ.”

ಮತ್ತೆ ಮಲಗಿಸುತ್ತಾರೆ ಎಂದದ್ದು ಕೇಳಿ ಅತ್ತೆ ನನ್ನ ಕೈ ಹಿಡಿದುಕೊಂಡರು. ಯಾವುದಕ್ಕೂ ಹೆದರದ ಹೆಂಗಸು. “ಇನ್ನೊಂದ್ಸಲ ಆ ಮನೆಯೊಳಕ್ಕೆ ನಾನು ಓಗಲ್ಲ ಕಣಮ್ಮಿ” ಎಂದರು. ಆ ಮನೆ ಅಂದರೆ ಆಪರೇಷನ್ ಥಿಯೇಟರು. ಹೋಗಬೇಕಾಗಿಲ್ಲ, ನಾನಿದ್ದೇನಲ್ಲ ಎಂದೆ.

ಬಂಗಾರಪೇಟೆಗೆ ಬಂದ ಮೇಲೆ ಬಡಗಿಯನ್ನು ಕರೆಸಿ ಎರಡು ಎತ್ತರದ ಕುರ್ಚಿ ಮಾಡಿಸಿದೆವು. ಒಂದು ಕೂರುವುದಕ್ಕೆ. ಇನ್ನೊಂದು ಕಕ್ಕಸಿಗೆ, ನಡುವೆ ದುಂಡಗೆ ತೂತು ಕೊರೆದಿದ್ದು. ಬಡಗಿ ಎರಡನ್ನೂ ತಂದು ನಡುಮನೆಯಲ್ಲಿ ಇಟ್ಟು ಹೋದ. ಸಂಜೆ ದೊಡ್ಡಮಾವ ಬಂದು ಹೊಸದು ಅಂತ ತೂತಿನ ಕುರ್ಚಿಯ ಮೇಲೆ ಕೂತು, ಸ್ವಲ್ಪ ಹೊತ್ತು ಸರಿದಾಡಿ, “ಒಳ್ಳೆ ಅಲಗೆಗೆ ಯಾಕಮ್ಮ ತೂತು ಕೊರ್ಸಿದ್ದೀರಿ?” ಎಂದು ಕೇಳಿದರು. ಗಾಳಿ ಆಡಲಿ ಅಂತ ಎಂದೆ. ಬೇಸಿಗೆಗೆ ಒಳ್ಳೆಯದು ಎಂದು ಒಪ್ಪಿದರು.

ಈಗ ತೊಂದರೆ ಏನಾಯಿತು ನೋಡಿ. ನಾನು ಎಂಟು ಗಂಟೆಗೆ ಮನೆ ಬಿಡಬೇಕು, ಬರುವುದು ಐದಕ್ಕೆ. ನನ್ನ ಗಂಡ ಶಿಫ್ಟಿನವರು, ಅದೂ ಅಲ್ಲದೆ ತಾಯಿ ಅಯ್ಯೋ ಅಂದರೆ ಕೈ ಬಿಟ್ಟುಬಿಡುತ್ತಿದ್ದರು. ಪಾದ ಒತ್ತುವುದು ನನ್ನಿಂದಲೇ ಆಗಬೇಕು. ಕರುಣೆ ಕಡಿಮೆ ಇರುವುದರಿಂದ ನಾನೇ ಆ ಕೆಲಸಕ್ಕೆ ಸರಿ ಎಂದು ಮನೆಯಲ್ಲಿ ಒಮ್ಮತವಿತ್ತು. ಬೆಳಗಿನ ಅಡುಗೆ ಮುಗಿಸಿ ನನಗೆ ಪುರುಸೊತ್ತು ಸಿಗುವುದು ಆರೂವರೆಯಿಂದ ಏಳೂವರೆ, ಸಂಜೆ ಐದೂವರೆಯಿಂದ ಆರೂವರೆ. ಅದೇ ಹೊತ್ತಿಗೆ ಬೀದಿಯಲ್ಲಿ ದೊಡ್ಡಮಾವನ ಚಪ್ಪಲಿ ಸದ್ದು. ಸದ್ದು ಕೇಳಿದ್ದೇ ತಡ, ಅತ್ತೆ ವಾಕರ್ ಹಿಡಿದು ಕುರ್ಚಿಯಿಂದ ಎದ್ದು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದರು. ಆಪರೇಷನ್ನಿಗೆ ಮುಂಚೆಯಾದರೆ ನೋವು ತಡೆಯದಿದ್ದಾಗ ಆ ಬಾಗಿಲ ಮರೆಯಲ್ಲೇ ಸದ್ದಿಲ್ಲದೆ ನೆಲಕ್ಕೆ ಕುಸಿದು ಕೂತು, ಬಾವ ಎದ್ದಾಗ ತಾವೂ ಏಳುತ್ತಿದ್ದರು. ಈಗ ನೆಲಕ್ಕೆ ಡಾಕ್ಟರು ಬಿಡುವುದಿಲ್ಲ, ಕುರ್ಚಿಗೆ ಬಾವ ಬಿಡುವುದಿಲ್ಲ.

“ಕೋಣೆಯಲ್ಲಿ ಕೂತ್ಕೊಳ್ಳಿ ಅತ್ತೆ, ಬಾಗಿಲು ಹಾಕ್ಕೊಳ್ಳೋಣ” ಎಂದೆ.

“ಬಾಗ್ಲಾಕಿದ್ರೆ ಏನು? ಬಾವನೋರು ಮನೇಲವ್ರೆ. ನಾನು ಕುರ್ಚಿ ಮೇಲೆ ಕಾಲಾಡಿಸ್ಕಂಡು ಕೂತ್ಕಳ್ಳಾ?”

“ಅವರಿಗೆ ಕಾಣಲ್ಲ.”

“ನಂಗೆ ಕಾಣ್ತದಲ್ಲ.”

ಬೇರೆ ಹೊತ್ತು ಹೊಂದಿಸೋಣವೆಂದು ನೋಡಿದೆ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಒತ್ತಿದರೆ ಮಂಡಿ ಬಿಗಿದುಕೊಂಡಿರುತ್ತಿತ್ತು. ಊಟವಾದ ಮೇಲೆ ಅತ್ತೆಗೆ ಸಾಕಾಗಿರುತ್ತಿತ್ತು. ದೊಡ್ಡಮಾವನಿಗೆ ನೇರ ಹೇಳಿಬಿಡಿ ಎಂದು ಗಂಡನನ್ನು ಕೇಳಿದೆ. “ನನ್ನ ಬೆಳೆಸಿದೋರಿಗೆ ಬರಬೇಡಿ ಅನ್ನೋಕೆ ನಂಗೆ ಬಾಯಿ ಬರಲ್ಲ” ಎಂದರು. ಅದೂ ನಿಜ. ಅಪ್ಪನಿಲ್ಲದ ಮಗನಿಗೆ ಶಾಲೆಯ ಬಾಗಿಲಿಂದ ಹಿಡಿದು ಮದುವೆ ಚಪ್ಪರದವರೆಗೆ ಅವರೇ ನಿಂತಿದ್ದರು.

ಶಾಲೆಯಿಂದ ನಾನು ಕಪ್ಪುಹಲಗೆಯ ಮೇಲೆ ಇಟ್ಟು ತೋರಿಸುವ ಮರದ ಕೋನಮಾಪಕವನ್ನು ತಂದಿದ್ದೆ. ಪ್ರತಿ ಭಾನುವಾರ ಅತ್ತೆಯ ಮಂಡಿಗೆ ಇಟ್ಟು ಅಳೆಯುತ್ತಿದ್ದೆ. ಮೊದಲ ಭಾನುವಾರ ಅರವತ್ತು. ಎರಡನೆಯ ಭಾನುವಾರ ಐವತ್ತೈದು. ಇಪ್ಪತ್ತು ಮಕ್ಕಳಿಗೆ ಕೋನ ಕಲಿಸಿದ್ದ ನನಗೆ ಒಂದು ಮಂಡಿಗೆ ಕಲಿಸಲಾಗಲಿಲ್ಲ. ಅತ್ತೆ ಅಳತೆ ಎಷ್ಟೆಂದು ಕೇಳಲಿಲ್ಲ, ನನ್ನ ಮುಖ ನೋಡಿದರು. ಆ ರಾತ್ರಿ ದೇವರಿಗೆ ಏನೋ ಹರಕೆ ಕಟ್ಟಿಕೊಂಡರೆಂದು ಆಮೇಲೆ ತಿಳಿಯಿತು. ದೇವರಿಗೆ ಹೇಳಬಹುದಂತೆ, ಬಾವನಿಗೆ ಹೇಳಬಾರದಂತೆ.

ಮಾರನೆಯ ದಿನ ಸೋಮವಾರ, ರೈಲು ತಡವಾಗಿ ಆರು ಗಂಟೆಗೆ ಮನೆಗೆ ಬಂದೆ. ದೊಡ್ಡಮಾವ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು. ನಿಧಾನವಾಗಿ, ಜಾಹೀರಾತೂ ಬಿಡದೆ. ಬಾಗಿಲ ಹಿಂದೆ ಅತ್ತೆ ವಾಕರಿಗೆ ಜೋತುಬಿದ್ದು ನಿಂತಿದ್ದರು. ಪಾದ ಬನ್ನಿನ ಹಾಗೆ ಊದಿತ್ತು. ಕೆನ್ನೆಯ ಮೇಲೆ ಬೆವರೋ ಕಣ್ಣೀರೋ, ಯಾವುದೋ ಒಂದು ಇಳಿಯುತ್ತಿತ್ತು. ಸದ್ದಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ. ಬಂದರೆ ಹೋಗುವುದು ನಿಧಾನ. ಬ್ಯಾಗು ಕೂಡ ಇಳಿಸದೆ ಹೇಳಿದೆ: “ದೊಡ್ಡಮಾವ, ನೀವು ಎದ್ದು ಹೋದರೆ ನಮ್ಮತ್ತೆ ಕೂರ್ತಾರೆ.”

ಅವರು ಪೇಪರು ಇಳಿಸಿದರು. ಬಾಗಿಲ ಹಿಂದಿನಿಂದ ಅತ್ತೆ ನನ್ನ ಬಾಯಿ ಮುಚ್ಚಿಸುವಂತೆ ನಾಲಿಗೆ ಲೊಚಗುಟ್ಟಿದರು. ನಾನು ನಿಲ್ಲಿಸಲಿಲ್ಲ. ಹೊತ್ತು, ಡಿಗ್ರಿ, ಡಾಕ್ಟರು ಹೇಳಿದ್ದು, ಮತ್ತೆ ಮಲಗಿಸುವುದು, ಕೋಲಿನಂಥ ಕಾಲು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ನಮ್ಮ ಮನೆಯ ಯಾವ ಸೊಸೆಯೂ ಅವರೆದುರು ಅಷ್ಟು ಮಾತು ಆಡಿರಲಿಲ್ಲ.

“ಎಷ್ಟ್ ದಿನದಿಂದ ಇಂಗೆ ನಿಂತವ್ಳೆ?” ಎಂದರು.

“ಆಸ್ಪತ್ರೆಯಿಂದ ಬಂದಾಗಿನಿಂದ.”

ಅವರು ಪೇಪರನ್ನು ನಾಲ್ಕು ಮಡಿಕೆ ಮಡಿಚಿ ಕುರ್ಚಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಅವರು ಬರಲಿಲ್ಲ. ಸಂಜೆಯೂ ಬರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ನಾನು ಒಳಗೊಳಗೇ ಗೆದ್ದೆ ಅಂದುಕೊಂಡು, “ಕೂತ್ಕೊಳ್ಳಿ ಅತ್ತೆ, ಒತ್ತೋಣ” ಎಂದೆ. ಅತ್ತೆ ಬಾಗಿಲ ಹಿಂದೆ ನಿಂತೇ ಇದ್ದರು.

“ಬಾವನೋರು ಬಂದ್ಬಿಟ್ರೆ?” ಎಂದರು.

ಬುಧವಾರವೂ ಹಾಗೇ. ಬಂದರೆ ಒಂದು ಗಂಟೆ ನಿಲ್ಲುತ್ತಿದ್ದವರು ಬರದಿದ್ದರಿಂದ ಎರಡು ಗಂಟೆ ನಿಂತರು. ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ಸೆರಗು ಸರಿಮಾಡಿಕೊಳ್ಳುವುದು. ನನ್ನ ಜೊತೆ ಮಾತು ಬಿಟ್ಟಿದ್ದರು. ಆಡಿದರೆ ಒಂದೇ ಮಾತು: “ನಮ್ಮನೆ ದಿಕ್ಕನ್ನ ಒರಗಟ್ಟಿದೆಯಲ್ಲೇ ಅಮ್ಮಿ.” ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದರು. ಆಗ ನನಗೆ ನಿಜಕ್ಕೂ ಭಯವಾಯಿತು. ಮಂಡಿ ಸರಿಮಾಡಲು ಹೋಗಿ ನಾನು ಆ ಹೆಂಗಸನ್ನೇ ಮುರಿದೆನೇನೋ ಅನ್ನಿಸಿತು.

ಗುರುವಾರ ಸಂಜೆ ರೈಲು ಇಳಿದವಳು ಕ್ಷಮೆ ಕೇಳಿಬಿಡೋಣ ಎಂದು ಮನಸ್ಸು ಮಾಡಿದೆ. ಅವರ ಮನೆಯವರೆಗೆ ಹೋಗಬೇಕಾಗಲಿಲ್ಲ. ಸ್ಟೇಷನ್ ಮುಂದಿನ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದರು, ಮುಂದೆ ಗಾಜಿನ ಲೋಟದಲ್ಲಿ ಕಾಫಿ. ನನ್ನನ್ನು ಕಂಡು ಮೊದಲು ಕೇಳಿದ್ದು ಒಂದೇ:

“ಕೂತ್ಲಾ?”

“ಇಲ್ಲ.”

“ಯಾಕೆ? ನಾನ್ ಬತ್ತಾನೇ ಇಲ್ವಲ್ಲಮ್ಮ?”

“ಬಂದುಬಿಟ್ಟರೆ ಅಂತ ನಿಂತಿದ್ದಾರೆ.”

ಅವರು ಕಾಫಿಯನ್ನು ನೋಡಿದರು. “ಇದೊಳ್ಳೆ ಗಾಚಾರ ಆಯ್ತಲ್ಲ. ಬಂದ್ರೂ ನಿಂತ್ಕತಾಳೆ, ಬರ್ದಿದ್ರೂ ನಿಂತ್ಕತಾಳೆ. ನಾನೇನ್ ಸತ್ತೋಗ್ಲಾ?”

ಸತ್ತರೆ ಹನ್ನೊಂದು ದಿನ ನಿಲ್ಲುತ್ತಾರೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಸಿಟ್ಟಿಗೆ ಅಂದುಬಿಟ್ಟೆ, ತಪ್ಪಾಯಿತು ದೊಡ್ಡಮಾವ ಎಂದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. “ನಡಿ” ಎಂದರು.

ಮನೆಗೆ ಬಂದೆವು. ಸದ್ದು ಕೇಳಿ ಅತ್ತೆ ಆಗಲೇ ಬಾಗಿಲ ಹಿಂದಿದ್ದರು. ದೊಡ್ಡಮಾವ ತಮ್ಮ ಕುರ್ಚಿಯವರೆಗೆ ಹೋಗಿ, ಕೂರದೆ, ಕಂಬಕ್ಕೆ ಒಂದು ಕೈ ಕೊಟ್ಟು ನಿಂತರು.

“ನಿಮ್ಮತ್ತೆ ಕೂರೋವರ್ಗೂ ನಾನೂ ಕೂತ್ಕಣಲ್ಲ ಅಂತ ಏಳಮ್ಮ.”

ಅತ್ತೆ ಎರಡು ಮಾರು ದೂರದಲ್ಲಿದ್ದರು. ನಾನು ಹೋಗಿ ಹೇಳಿದೆ. ಅತ್ತೆ ಸೆರಗು ಎಳೆದುಕೊಂಡರು. “ದೊಡ್ಡೋರು ನಿಂತ್ಕಬಾರ್ದು, ಕೂತ್ಕಳಾಕೇಳು, ಕಾಪಿ ಮಾಡ್ತೀನಿ.” ನಾನು ಬಂದು ಹೇಳಿದೆ. ಕಾಪಿ ಬೇಡ ಎಂದರು. ಹೋಗಿ ಹೇಳಿದೆ. ಆಮೇಲೆ ಇಬ್ಬರೂ ಹೇಳುವುದು ನಿಂತಿತು. ಕಂಬದ ಈ ಕಡೆ ಎಪ್ಪತ್ತನಾಲ್ಕು ವರ್ಷದವರೊಬ್ಬರು, ಬಾಗಿಲ ಆ ಕಡೆ ಅರವತ್ತಕ್ಕೆ ಹತ್ತಿರವಿದ್ದವರೊಬ್ಬರು, ನಡುವೆ ಬ್ಯಾಗು ಹೆಗಲಿಗೇರಿಸಿಕೊಂಡ ಗಣಿತದ ಟೀಚರು. ಮೂವರೂ ನಿಂತಿದ್ದೆವು. ಕುರ್ಚಿಗಳು ಮಾತ್ರ ಖಾಲಿ.

ಹತ್ತು ನಿಮಿಷವಾಗಿರಬೇಕು. ಮೊದಲು ಅವರ ಪಂಚೆ ಅಲುಗಾಡುತ್ತಿದೆ ಅನ್ನಿಸಿತು, ಗಾಳಿ ಇರಲಿಲ್ಲ. ಆಮೇಲೆ ನೋಡಿದರೆ ಕಾಲು ನಡುಗುತ್ತಿತ್ತು. ವರ್ಷಗಟ್ಟಲೆ ನೆಲದೊಳಗೆ ಬಗ್ಗಿ ದುಡಿದ ಕಾಲು. ಕಂಬ ಹಿಡಿದ ಕೈಯ ನರ ಉಬ್ಬಿತ್ತು. ಆದರೂ ಕೂರಲಿಲ್ಲ, ಬಾಗಿಲ ಕಡೆ ನೋಡಲೂ ಇಲ್ಲ.

ಅತ್ತೆ ಬಾಗಿಲ ಸಂದಿಯಿಂದ ಆ ಕಾಲನ್ನು ನೋಡಿದರು.

ವಾಕರ್ ಸದ್ದಾಯಿತು. ಒಂದು, ಎರಡು, ಮೂರು ಹೆಜ್ಜೆ. ಅತ್ತೆ ನಡುಮನೆಗೆ ಬಂದರು. ಸೆರಗು ಹಣೆಯವರೆಗೆ ಎಳೆದುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ತಮ್ಮ ಎತ್ತರದ ಕುರ್ಚಿಯ ತುದಿಯಲ್ಲಿ ಕೂತರು. ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕೂತವರಂತೆ ಕೂತಿದ್ದರು, ಆದರೆ ಕೂತಿದ್ದರು. ಆಗ ದೊಡ್ಡಮಾವ ಕಂಬ ಬಿಟ್ಟು ತಾವೂ ಕೂತರು, ದೊಡ್ಡದಾಗಿ ಉಸಿರುಬಿಟ್ಟು. ಡಾಕ್ಟರು ಕೊಟ್ಟ ಗಡುವಿಗೆ ಇನ್ನೂ ಎರಡೂವರೆ ವಾರವಿತ್ತು. ಅಷ್ಟು ಸಾಕಾಯಿತು.

ನಾನು ಬ್ಯಾಗು ಇಳಿಸಿ ಅತ್ತೆಯ ಮುಂದೆ ನೆಲದ ಮೇಲೆ ಕೂತು ಪಾದ ಹಿಡಿದು ಒತ್ತತೊಡಗಿದೆ. ಅತ್ತೆ ಸೆರಗಿನ ತುದಿ ಕಚ್ಚಿ ಹಿಡಿದರು. ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ನಲವತ್ತು ವರ್ಷದಲ್ಲಿ ಮೊದಲ ಸಲ ದೊಡ್ಡಮಾವ ಆ ಕಡೆ ತಿರುಗಿ ನೋಡಿದರು. ನೋಡಿದ್ದು ಮುಖವನ್ನಲ್ಲ, ಮಂಡಿಯ ಕೆಳಗೆ ಊದಿದ್ದ ಆ ಕಾಲನ್ನು. ಬಹಳ ಹೊತ್ತು ನೋಡಿದರು. ಮನಸ್ಸಿನೊಳಗೆ ಏನೋ ಕೂಡಿಸುತ್ತಿದ್ದಾರೆ ಅನ್ನಿಸಿತು.

“ನಾನು ಬಂದು ಓಗೋವರ್ಗೂ ದಿನಾ ಇಂಗೇ ನಿಂತಿರ್ತಿದ್ಲಾ?” ಎಂದು ನನ್ನನ್ನು ಕೇಳಿದರು. “ಇಪ್ಪತ್ತಾರು ವರ್ಸವೂ?”

ನಾನು ಪಾದ ಒತ್ತುತ್ತಲೇ ಇದ್ದೆ.

“ಅಂಗಾದ್ರೆ ಆ ಮಂಡಿ ಓಗಿದ್ದು ನನ್ನಿಂದ್ಲೇನಾ ಅಂತ ಕೇಳಮ್ಮ.”

ಅದು ಅವರ ದನಿಯಾಗಿರಲಿಲ್ಲ, ಯಾವುದೋ ಬೇರೆ ಮುದುಕರ ದನಿಯಂತಿತ್ತು. ಅದನ್ನು ಹೇಗೆ ಕೇಳಲಿ ಎಂದು ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಬಾಯಿಂದ ಸೆರಗು ಬಿಟ್ಟರು. ಗೋಡೆಯ ಕಡೆಗಿದ್ದ ಮುಖವನ್ನು ತಿರುಗಿಸದೆ, ನನಗಲ್ಲ, ಕಂಬಕ್ಕೂ ಅಲ್ಲ, ಅವರಿಗೇ ಹೇಳಿದರು.

“ನೀವು ದಿನಾ ಬತ್ತಿದ್ರಲ್ಲ ಬಾವ, ಅದ್ಕೇ ನಾನು ನಿಂತಿದ್ದು. ನೀವ್ ಬರ್ದೇ ಇದ್ದಿದ್ರೆ ಅವ್ರು ತೀರ್ಕಂಡಾಗ್ಲೇ ಬಿದ್ದೋಗಿರ್ತಿದ್ದೆ.”

ದೊಡ್ಡಮಾವ ಟವೆಲ್ ತೆಗೆದು ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ನನ್ನ ಕೈಯಲ್ಲಿದ್ದ ಪಾದ ಕೈಯಲ್ಲೇ ಇತ್ತು.

“ಯಾಕ್ ಬಿಟ್ಬಿಟ್ಟೆ?” ಎಂದರು ಅತ್ತೆ. “ಒತ್ತಮ್ಮಿ.”